ಹದಿನೇಳನೆಯ ಸಾಲು

ಅಪ್ಪ ಇವತ್ತು ಎರಡು ಸಲ ಗಡ್ಡ ಕೆರೆದುಕೊಂಡ. ಎದ್ದ ಕೂಡಲೆ ಒಂದು ಸಲ. ಸ್ನಾನ ಮುಗಿಸಿ ಕನ್ನಡಿಯ ಮುಂದೆ ನಿಂತಾಗ ಗಲ್ಲದ ಕೆಳಗೆ ಎಲ್ಲೋ ಒಂದೆರಡು ಬಿಳಿ ಕೂದಲು ಉಳಿದದ್ದು ಕಂಡು ಇನ್ನೊಂದು ಸಲ. ಅಡುಗೆಮನೆಯಲ್ಲಿ ಊಟದ ಡಬ್ಬಿ ಕಟ್ಟುತ್ತಿದ್ದ ಮಗಳಿಗೆ ಆ ಬ್ಲೇಡಿನ ಕರಕರ ಸದ್ದು ತನ್ನ ಚರ್ಮದ ಮೇಲೇ ಓಡಾಡಿದಂತೆ ಅನ್ನಿಸಿತು. ಎರಡು ತಿಂಗಳಿಂದ ಅಪ್ಪ ಅವಳು ಹೇಳಿದರೆ ಮಾತ್ರ ಗಡ್ಡ ತೆಗೆಯುತ್ತಿದ್ದ, ಹೇಳಿದರೂ 'ಯಾರು ನೋಡ್ಬೇಕಿದೆ ಬಿಡು' ಎಂದು ಮಗ್ಗುಲು ಬದಲಿಸುತ್ತಿದ್ದ. ನಿನ್ನೆ ಕಾರ್ಖಾನೆಯ ಯಜಮಾನರ ಫೋನ್ ಬಂದಾಗಿನಿಂದ ಮನೆಯೊಳಗೆ ಬೇರೆಯೇ ಒಬ್ಬ ಮನುಷ್ಯ ಓಡಾಡುತ್ತಿದ್ದಾನೆ. ಪೆಟ್ಟಿಗೆಯ ತಳದಲ್ಲಿದ್ದ ಎರಡು ಜೇಬಿನ ಬೂದು ಅಂಗಿ ಹೊರಗೆ ಬಂದಿದೆ, ಇಸ್ತ್ರಿಯಾಗಿದೆ. ಉಕ್ಕಿನ ಅಳತೆಪಟ್ಟಿಯನ್ನು ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು, ಮತ್ತೆ ಒರೆಸಿದ್ದಾಗಿದೆ.

"ಯಜಮಾನ್ರು ಸರಿಯಾಗಿ ಏನಂದ್ರು, ಇನ್ನೊಂದ್ಸಲ ಹೇಳು."

"ಫೋನ್ ಮಾಡಿದ್ದು ನಿನಗೇ ಅಲ್ವಾ ಅಪ್ಪ."

"ನನಗೆ ಬರೀ ಬನ್ನಿ ಅಂದ್ರು. ನಿನ್ನ ಹತ್ರ ಏನಂದ್ರು ಅಂತ ಕೇಳಿದ್ದು."

"ಮೇಸ್ತ್ರಿ ಬಂದು ನೋಡ್ಲಿ ಅಂದ್ರು. ಹೀಗೇ ಆಗ್ತಾ ಇದ್ರೆ ವಾರಕ್ಕೆ ಎರಡು ದಿನ ಅವರು ಬಂದು ಕೂರೋದು ಒಳ್ಳೇದು ಅಂತಾನೂ ಅಂದ್ರು."

"ಎರಡು ದಿನ," ಎಂದ ಅಪ್ಪ, ಕನ್ನಡಿಗೆ. "ಸಾಕು. ಎರಡು ದಿನ ಜಾಸ್ತೀನೇ ಆಯ್ತು." ಆಮೇಲೆ ಮುಖಕ್ಕೆ ನೀರು ಹಾಕಿಕೊಂಡು, ಕಣ್ಣು ಮುಚ್ಚಿಕೊಂಡೇ ಟವೆಲಿಗೆ ಕೈ ಚಾಚಿ ಕೇಳಿದ: "ಏನಾಗ್ತಿದೆ ಮರಿ, ಆ ಡಬ್ಬಕ್ಕೆ?"

ಟವೆಲನ್ನು ಕೈಗೆ ಕೊಟ್ಟು, "ಗೊತ್ತಿಲ್ಲಪ್ಪ" ಎಂದಳು. ಅವನ ಕಣ್ಣು ಮುಚ್ಚಿತ್ತಲ್ಲ, ಅಷ್ಟು ಸುಲಭವಾಗಿ ಬಂತು.

ಗೊತ್ತಿತ್ತು. ಡಬ್ಬಕ್ಕೆ ಏನಾಗಿದೆ ಎಂಬುದು ಇಡೀ ಕಾರ್ಖಾನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು, ಏಕೆಂದರೆ ಅದನ್ನು ಮಾಡಿದವಳು ಅವಳು. ಹನ್ನೆರಡು ದಿನದ ಹಿಂದೆ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ, ಕಂಪ್ಯೂಟರಿನಲ್ಲಿ ಡಬ್ಬದ ಲೆಕ್ಕ ಬರೆದಿದ್ದ ಫೈಲು ತೆಗೆದು, ನಲವತ್ತೊಂದು ಸಾಲಿನಲ್ಲಿ ಒಂದೇ ಒಂದನ್ನು ಅಳಿಸಿದ್ದಳು. ಅಪ್ಪ ಇಲ್ಲದಿದ್ದರೆ ಆಗುವುದಿಲ್ಲ ಎಂದು ಯಜಮಾನರ ಬಾಯಿಂದಲೇ ಬರಬೇಕಾಗಿತ್ತು. ಬಂತು. ಈಗ ಅಪ್ಪ ಗಡ್ಡ ಕೆರೆದುಕೊಂಡು ನಿಂತಿದ್ದಾನೆ.

ದಾರಿಯಲ್ಲಿ ಅಪ್ಪ ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದ. ಮೊದಲೂ ಹಾಗೇ, ಬೆಳಗಿನ ಹೊತ್ತು ಅವನ ಕಾಲಿಗೆ ಬೇರೆಯವರು ಜೊತೆಯಾಗುವುದು ಕಷ್ಟ. ಬೀಗ ರಿಪೇರಿಯವನು ಅಂಗಡಿಯ ಬಾಗಿಲು ಎತ್ತುತ್ತ, "ಏನು ಮೇಸ್ತ್ರಿ, ಇಷ್ಟು ಠಾಕುಠೀಕಾಗಿ ಎಲ್ಲಿಗೆ? ಹೆಣ್ಣು ನೋಡೋಕಾ?" ಎಂದು ಕೂಗಿದ. ಅಪ್ಪ ನಿಲ್ಲಲಿಲ್ಲ. "ಕೆಲಸಕ್ಕೆ" ಎಂದ. ಬರೀ ಒಂದು ಮಾತು, ಅದನ್ನು ಹೇಳುವಾಗ ಅವನ ಹೆಗಲು ಎಷ್ಟು ಹಿಂದಕ್ಕೆ ಸರಿಯಿತು ಎಂದು ಹಿಂದಿನಿಂದ ಬರುತ್ತಿದ್ದ ಅವಳಿಗೆ ಕಂಡಿತು. ಕತ್ತಿನ ಹಿಂಭಾಗದಲ್ಲಿ ಕ್ಷೌರದವನ ಕತ್ತರಿ ಕಾಣದೆ ಬೆಳೆದ ಕೂದಲು ಕಾಲರಿನ ಮೇಲೆ ಮಡಿಚಿಕೊಂಡಿತ್ತು. ಅದನ್ನು ಕತ್ತರಿಸಿಕೊಡಬಹುದಾಗಿತ್ತು, ಬೆಳಿಗ್ಗೆ, ಹತ್ತು ನಿಮಿಷದ ಕೆಲಸ. ಅವಳು ಕೇಳಲಿಲ್ಲ. ಅವನ ಹಿಂದೆ ಕತ್ತರಿ ಹಿಡಿದು ನಿಲ್ಲುವ ಧೈರ್ಯ ಇವತ್ತು ಅವಳಿಗೆ ಇರಲಿಲ್ಲ.

ರಟ್ಟಿನ ಡಬ್ಬ ಎಂದರೆ ನೋಡುವವರಿಗೆ ಡಬ್ಬ. ಅಪ್ಪನಿಗೆ ಅದು ಯಾವಾಗಲೂ ಬಿಚ್ಚಿ ಚಪ್ಪಟೆಯಾಗಿ ಮಲಗಿದ ಆಕಾರ: ಸಾಲಾಗಿ ನಾಲ್ಕು ಗೋಡೆ, ಒಂದು ತುದಿಗೆ ಅಂಟು ಹಚ್ಚುವ ಪಟ್ಟಿ, ಮೇಲೆ ಕೆಳಗೆ ಕಿವಿಗಳು, ಮುಚ್ಚಳ, ಮುಚ್ಚಳ ಒಳಗೆ ತೂರುವುದಕ್ಕೆ ಒಂದು ನಾಲಿಗೆ. ಆ ಆಕಾರವನ್ನು ಮರದ ಹಲಗೆಯ ಮೇಲೆ ಬರೆದು, ಗರಗಸದಿಂದ ಕೊರೆದು, ಕೊರೆದ ಸೀಳಿನಲ್ಲಿ ಉಕ್ಕಿನ ಬ್ಲೇಡುಗಳನ್ನು ಬಾಗಿಸಿ ನಿಲ್ಲಿಸಿದರೆ ಅದು ಡೈ. ಡೈ ಒತ್ತಿದ ಕಡೆ ರಟ್ಟು ತುಂಡಾಗುತ್ತದೆ, ಮಡಿಯುತ್ತದೆ. ಇಪ್ಪತ್ತಾರು ವರ್ಷ ಅಪ್ಪ ಮಾಡಿದ್ದು ಅದನ್ನೇ. ಶಾಲೆಯಲ್ಲಿ ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ದನಿ ಹೊರಡದೆ, ನಕ್ಕವರ ನಡುವೆ ನಿಂತೇ ಗಂಟೆ ಕಳೆದು, ಒಂದು ದಿನ ಇನ್ನು ಹೋಗುವುದಿಲ್ಲ ಎಂದು ಅವಳು ಚೀಲ ಮೂಲೆಗಿಟ್ಟಾಗ ಅಪ್ಪ ಬೈಯಲಿಲ್ಲ. ಮಾರನೆಯ ದಿನ ತನ್ನ ಜೊತೆ ಕರೆದುಕೊಂಡು ಬಂದು, ಕತ್ತರಿಸಿದ ರಟ್ಟಿನಿಂದ ಬೇಡದ ಚೂರು ಬಿಡಿಸುವ ಕಡೆ ಕೂರಿಸಿದ. ಅಲ್ಲಿ ಮಾತು ಬೇಕಾಗಿರಲಿಲ್ಲ. ಆಮೇಲೆ ಮಾದರಿ ಕತ್ತರಿಸುವ ಯಂತ್ರ ಬಂತು, ಅದನ್ನು ಕೂರಿಸಲು ಮೂರು ವಾರ ಒಬ್ಬ ಹೆಂಗಸು ಬಂದಿದ್ದಳು. ಆಕೆ ತನ್ನ ಹಿಂದೆ ನಿಂತು ನೋಡುತ್ತಿದ್ದ ಈ ಮಾತಾಡದ ಹುಡುಗಿಯನ್ನು ಕರೆದು, ಚಿತ್ರವನ್ನು ಬರೆಯದೆಯೂ ಚಿತ್ರ ಮಾಡುವುದು ಹೇಗೆ ಎಂದು ತೋರಿಸಿಕೊಟ್ಟಳು. ಪರದೆಯ ಮೇಲೆ ಕಾಣುವ ಪ್ರತಿ ಆಕಾರದ ಹಿಂದೆ ಅಕ್ಷರಗಳಿವೆ. ಇಲ್ಲಿಂದ ಹೊರಡು, ಅಲ್ಲಿಗೆ ಗೆರೆ ಎಳೆ, ತಿರುಗು, ಮುಚ್ಚು. ಎಳೆಯಬೇಕಾದ ದೂರವನ್ನು ಅಂಕಿಯಲ್ಲಿ ಬರೆದರೆ ಆಕಾರ ಕಲ್ಲಿನ ಹಾಗೆ ಕೂತುಬಿಡುತ್ತದೆ. ಅಂಕಿಯ ಬದಲು ಸೂತ್ರ ಬರೆದರೆ ಅದಕ್ಕೆ ಜೀವ ಬರುತ್ತದೆ. ಒಂದು ಸಾಲು ಒಂದೇ ಕೆಲಸ ಮಾಡಬಲ್ಲದು: ಕೂಡು, ಕಳೆ, ಅರ್ಧ ಮಾಡು, ಎರಡರಲ್ಲಿ ಚಿಕ್ಕದನ್ನು ತೆಗೆದುಕೋ. ಪ್ರತಿ ಸಾಲಿಗೂ ಅದು ನಿಂತ ಜಾಗದ ಸಂಖ್ಯೆಯೇ ಹೆಸರು, ಕೆಳಗಿನ ಸಾಲು ಮೇಲಿನದನ್ನು ಆ ಸಂಖ್ಯೆಯಿಂದ ಕರೆಯುತ್ತದೆ. ಕೊನೆಗೆ ಪರದೆಯ ಮೇಲೆ ಆಕಾರದ ಅಂಚಿನಲ್ಲಿ ಹಳದಿ ಬಣ್ಣದ ಸಣ್ಣ ಗುರುತು ಮೂಡುತ್ತದೆ. ಅದನ್ನು ಹಿಡಿದು ಎಳೆದರೆ ಎಲ್ಲ ಸಾಲುಗಳೂ ಒಂದರ ಮಾತು ಒಂದು ಕೇಳಿ, ಆಕಾರ ಉದ್ದವಾಗುತ್ತದೆ, ಅಗಲವಾಗುತ್ತದೆ, ಆದರೂ ಅದೇ ಆಕಾರವಾಗಿರುತ್ತದೆ. ಮೊದಲ ಸಲ ಎಳೆದು ನೋಡಿದ ದಿನ ಅವಳು ಮನೆಗೆ ಹೋಗುವ ದಾರಿಯಲ್ಲಿ ಒಬ್ಬಳೇ ನಕ್ಕಿದ್ದಳು.

ಸೂತ್ರ ಬರೆಯುವುದು ಬಂತು, ಆದರೆ ಏನು ಬರೆಯಬೇಕು? ಅದು ಅಪ್ಪನ ಹತ್ತಿರ ಇತ್ತು. ಸಂಜೆ ಊಟವಾದ ಮೇಲೆ ತಟ್ಟೆ ಸರಿಸಿ, ಹಳೆಯ ರಟ್ಟಿನ ತುಂಡು ಮಡಿಸುತ್ತ ಅಪ್ಪ ಹೇಳುವನು, ಅವಳು ಬರೆದುಕೊಳ್ಳುವಳು. ಕಿವಿ ಎಷ್ಟುದ್ದ ಇರಬೇಕು? ಅಗಲದ ಅರ್ಧ. ಯಾವಾಗಲೂ? ಯಾವಾಗಲೂ ಅಲ್ಲ, ಅರ್ಧ ಮಾಡಿದಾಗ ಎದುರಿನ ಕಿವಿಗೆ ಡಿಕ್ಕಿ ಹೊಡೆಯೋ ಹಾಗಿದ್ರೆ ಕಡಿಮೆ ಮಾಡ್ಬೇಕು. ಹಾಗಾದರೆ ಎರಡರಲ್ಲಿ ಚಿಕ್ಕದು. ಹೌದು ಕಣೆ, ಎರಡರಲ್ಲಿ ಚಿಕ್ಕದು, ಇಷ್ಟು ವರ್ಷ ಮಾಡಿದೀನಿ, ಹೀಗೆ ಹೇಳೋಕೆ ಬಂದಿರ್ಲಿಲ್ಲ ನೋಡು. ಅವನಿಗೆ ತನ್ನ ಕೈಗೆ ಗೊತ್ತಿದ್ದದ್ದು ಬಾಯಿಗೂ ಬರುತ್ತದೆ ಎಂಬುದೇ ಒಂದು ಸೋಜಿಗವಾಗಿತ್ತು. ಪ್ರತಿ ಸಂಜೆ ಅವಳು ಮೊದಲಿನಿಂದ ಎಲ್ಲ ಸಾಲನ್ನೂ ಓದಿ ಹೇಳಬೇಕು, ಅವನು ಕಣ್ಣು ಮುಚ್ಚಿ ತಲೆ ಆಡಿಸುತ್ತ ಕೇಳುವನು. ಆ ಸಂಜೆಗಳಲ್ಲಿ ಅವಳ ದನಿ ಅವಳಿಗೇ ಗುರುತು ಸಿಗದಷ್ಟು ದೊಡ್ಡದಾಗಿ ಬರುತ್ತಿತ್ತು. "ಇಷ್ಟೆಲ್ಲ ಕೇಳ್ತೀಯಲ್ಲ, ನನ್ನ ಕೆಲಸ ಕಿತ್ಕೊಳ್ತೀಯಾ ಹೇಗೆ?" ಎಂದು ಅಪ್ಪ ಒಂದು ಸಲ ಅವಳ ಜಡೆ ಎಳೆದ. ತಮಾಷೆಗೆ. ಅವಳೂ ನಕ್ಕಳು. ಇಬ್ಬರೂ ನಕ್ಕರು, ಅಷ್ಟು ಹೊತ್ತು.

ಮುಗಿದ ದಿನ ಯಜಮಾನರು ಬಂದು ಅವಳ ಕುರ್ಚಿಯಲ್ಲಿ ತಾವೇ ಕೂತು ಹಳದಿ ಗುರುತನ್ನು ಎಳೆದರು. ಬಲ್ಬಿನ ಡಬ್ಬ ಬಾಟಲಿಯ ಡಬ್ಬವಾಯಿತು, ಚಪ್ಪಲಿಯ ಡಬ್ಬವಾಯಿತು, ಮತ್ತೆ ಬಲ್ಬಿಗೆ ಬಂತು. ಹಿಂದೆ ನಿಂತಿದ್ದವರಲ್ಲಿ ಮೊದಲು ಚಪ್ಪಾಳೆ ತಟ್ಟಿದ್ದು ಅಪ್ಪ. ಈಗಲೂ ಅವಳಿಗೆ ಅದು ಕೇಳಿಸುತ್ತದೆ, ಪಾತ್ರೆ ತೊಳೆಯುವಾಗ, ಕೂದಲು ಬಾಚುವಾಗ: ಬ್ಲೇಡು ಬಾಗಿಸಿ ಬಾಗಿಸಿ ಗಟ್ಟಿಯಾದ ಆ ಎರಡು ಅಂಗೈಗಳ ಒಣ ಸದ್ದು. ಹದಿನಾರು ದಿನದ ಮೇಲೆ ಯಜಮಾನರು ಅಪ್ಪನನ್ನು ಒಳಗೆ ಕರೆದು ಕುರ್ಚಿ ಕೊಟ್ಟರು. ಕುರ್ಚಿ ಕೊಟ್ಟಾಗಲೇ ತನಗೆ ಗೊತ್ತಾಯಿತು ಎಂದು ಅಪ್ಪ ಆಮೇಲೆ ಕಾರ್ಖಾನೆಯಲ್ಲಿ ಅಂಟು ಹಚ್ಚುವ ಅಕ್ಕನ ಹತ್ತಿರ ಹೇಳಿದನಂತೆ. ಫೈಲು ಕಳಿಸಿದರೆ ಹೊರಗಡೆಯವರು ಹಲಗೆಯನ್ನು ಲೇಸರ್ ಬೆಳಕಿನಲ್ಲೇ ಸುಟ್ಟು ಕೊರೆದು, ಬ್ಲೇಡು ಕೂರಿಸಿ ತಂದುಕೊಡುತ್ತಾರೆ. ಮೇಸ್ತ್ರಿ ಇನ್ನು ಮನೆಯಲ್ಲಿ ಆರಾಮಾಗಿರಲಿ ಎಂದರಂತೆ ಯಜಮಾನರು. ಅವಳ ಹತ್ತಿರ ಅಪ್ಪ ಏನೂ ಹೇಳಲಿಲ್ಲ. ಆ ಸಂಜೆ ತಟ್ಟೆ ಸರಿಸಿ ಕೈ ಒರೆಸಿಕೊಂಡವನು, ಮಡಿಸಲು ಏನಾದರೂ ಸಿಗುತ್ತದೋ ಎಂಬಂತೆ ಚಾಪೆಯ ಮೇಲೆ ಕೈಯಾಡಿಸಿದ. ಅಷ್ಟೇ.

ಕಾರ್ಖಾನೆಯ ಬಾಗಿಲಲ್ಲಿ ಅಂಟಿನ ಅಕ್ಕ ಸಿಕ್ಕಳು. ಡಬ್ಬಗಳಿಗೆ ಅಂಟು ಹಚ್ಚುವುದರಲ್ಲಿ ತಲೆಗೂದಲು ನರೆತ ಹೆಂಗಸು, ಯಾರಿಗೂ ಹೆದರದವಳು. ಅಪ್ಪನನ್ನು ಕಂಡು ಅವಳ ಮುಖ ಇಷ್ಟಗಲವಾಯಿತು.

"ಬಂದ್ರಪ್ಪಾ ಮಹಾರಾಜರು! ನೋಡಿ ನಿಮ್ಮ ಮಗಳ ಯಂತ್ರ ನನಗೇನು ಮಾಡಿದೆ ಅಂತ." ಎಡಗೈ ಹೆಬ್ಬೆರಳಿನ ಬಟ್ಟೆ ಕಟ್ಟು ತೋರಿಸಿದಳು. "ಇಸ್ತ್ರಿ ಪೆಟ್ಟಿಗೆಯ ಡಬ್ಬ, ಎರಡು ಸಾವಿರ. ಒಂದೊಂದಕ್ಕೂ ಮೂಲೆ ಹೊರಗೆ ಬರ್ತಿದೆ. ಮೂರು ದಿನದಿಂದ ಚಾಕು ಹಿಡ್ಕೊಂಡು ಒಂದೊಂದೇ ಕೆತ್ತುತಾ ಇದೀನಿ, ತರಕಾರಿ ಹೆಚ್ಚಿದ ಹಾಗೆ. ನೀವಿದ್ದಾಗ ಹೀಗಾಗ್ತಿತ್ತಾ?"

ಇದೇ ಮಾತು. ಹನ್ನೆರಡು ದಿನ ಅವಳು ಕಾದಿದ್ದು ಈ ಮಾತಿಗೇ. 'ನೀವಿದ್ದಾಗ ಹೀಗಾಗ್ತಿತ್ತಾ' ಎಂದು ಯಾರಾದರೂ ಅಪ್ಪನ ಎದುರು ಹೇಳಬೇಕು, ಅಪ್ಪ ಕೇಳಬೇಕು. ಕೇಳಿದ ಅಪ್ಪ ಅಕ್ಕನ ಹೆಬ್ಬೆರಳನ್ನು ನೋಡುತ್ತಿದ್ದ. ಕಟ್ಟಿನ ಅಂಚಿನಲ್ಲಿ ಒಣಗಿದ ರಕ್ತಕ್ಕೆ ಅಂಟು ಮೆತ್ತಿಕೊಂಡಿತ್ತು. "ತೊಳ್ಕೊಂಡು ಬೇರೆ ಬಟ್ಟೆ ಕಟ್ಟು ಮಾರಾಯ್ತಿ" ಎಂದ. ಅವಳು ಇಬ್ಬರ ಪಕ್ಕದಿಂದ ನುಸುಳಿ ಒಳಗೆ ಹೋದಳು. ಅಕ್ಕನ ಹೆಬ್ಬೆರಳು ತನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಒಂದು ಸಾಲು ಅಳಿಸಿದರೆ ರಟ್ಟು ಎಷ್ಟು ಹೊರಗೆ ಚಾಚುತ್ತದೆ ಎಂದು ಅವಳು ಕೂದಲೆಳೆಯಷ್ಟು ಸರಿಯಾಗಿ ಹೇಳಬಲ್ಲವಳಾಗಿದ್ದಳು. ಆ ಚಾಚಿದ್ದನ್ನು ಯಾರ ಕೈ ಕೆತ್ತುತ್ತದೆ ಎಂದು ಯೋಚಿಸಿರಲಿಲ್ಲ.

ಅಳಿಸುವಾಗ ಎಷ್ಟು ಜಾಗ್ರತೆ ವಹಿಸಿದ್ದಳು! ನಾಲ್ಕು ಗೋಡೆಯೂ ಒಂದೇ ಅಳತೆಯಾದರೆ ಡಬ್ಬ ಕೂರುವುದಿಲ್ಲ. ಕೊನೆಯ ಗೋಡೆ ಸುತ್ತಿ ಬಂದು ಅಂಟಿನ ಪಟ್ಟಿಯ ಮೇಲೆ ಮಲಗುವಾಗ ರಟ್ಟಿನ ದಪ್ಪ ಅಡ್ಡ ಬರುತ್ತದೆ, ಆದ್ದರಿಂದ ನಾಲ್ಕನೆಯ ಗೋಡೆಯಿಂದ ಒಂದು ದಪ್ಪ ಕಳೆಯಬೇಕು. ಅಪ್ಪ ಹೇಳಿದ ಮೊದಲ ಪಾಠಗಳಲ್ಲಿ ಅದು ಒಂದು. ಹದಿನೇಳನೆಯ ಸಾಲು. ಅದನ್ನು ತೆಗೆದರೆ ಕೆಳಗಿನ ಸಾಲುಗಳೆಲ್ಲ ಒಂದೊಂದು ಮೇಲಕ್ಕೆ ಜರುಗುತ್ತವೆ, ಜರುಗಿದಾಗ ಅವುಗಳ ಸಂಖ್ಯೆ ಬದಲಾಗುತ್ತದೆ, ಹಳೆಯ ಸಂಖ್ಯೆಯಿಂದ ಕರೆದವರಿಗೆ ಬೇರೆ ಯಾರೋ ಓಗೊಡುತ್ತಾರೆ. ಮುಚ್ಚಳ ಕೇಳಿದರೆ ಕಿವಿಯ ಅಳತೆ ಬರುತ್ತದೆ, ಪರದೆಯ ಮೇಲೆ ಡಬ್ಬ ತಿರುಚಿಕೊಂಡು ಬೀಳುತ್ತದೆ. ಹಾಗಾಗದಂತೆ ಅವಳು ಒಂದೊಂದು ಸಂಖ್ಯೆಯನ್ನೂ ಹುಡುಕಿ ತಿದ್ದಿದಳು, ಹದಿನೇಳು ಇದ್ದಲ್ಲಿ ಬರೀ ಅಗಲ, ಹದಿನೆಂಟು ಇದ್ದಲ್ಲಿ ಹದಿನೇಳು, ಹತ್ತೊಂಬತ್ತು ಇದ್ದಲ್ಲಿ ಹದಿನೆಂಟು, ಕೊನೆಯ ತನಕ. ಊಟದ ಹೊತ್ತು ಪೂರ್ತಿ ಹಿಡಿಯಿತು. ಅಷ್ಟು ಚೆನ್ನಾಗಿ ಅವಳು ಯಾವ ಕೆಲಸವನ್ನೂ ಮಾಡಿರಲಿಲ್ಲ. ತೆಳು ರಟ್ಟಿನ ಡಬ್ಬಗಳಿಗೆ ಏನೂ ಗೊತ್ತಾಗಲಿಲ್ಲ. ಇಸ್ತ್ರಿ ಪೆಟ್ಟಿಗೆಗೆ ದಪ್ಪ ರಟ್ಟು ಬೇಕಾಗಿತ್ತು, ರಟ್ಟು ಇನ್ನೂ ಬಂದಿರದ ಕಾರಣ ಮಾದರಿಯನ್ನು ತೆಳು ರಟ್ಟಿನಲ್ಲೇ ಕತ್ತರಿಸಿ ತೋರಿಸಿದರು. ಎಲ್ಲರೂ ತಲೆಯಾಡಿಸಿದರು, ಅವಳೂ ಆಡಿಸಿದಳು. ಡಬ್ಬಗಳು ಬಂದ ದಿನ ಯಜಮಾನರು ಮೊದಲು ಡೈ ಒತ್ತುವ ಪ್ರೆಸ್ಸಿನವನ ಮೇಲೆ ಹರಿಹಾಯ್ದರು, ರಟ್ಟು ಓರೆಯಾಗಿ ಕೊಟ್ಟಿದ್ದೀಯ ಎಂದು. ಅವನು ಎರಡು ಸಲ ಯಂತ್ರ ಬಿಚ್ಚಿ ಜೋಡಿಸಿದ. ಆಮೇಲೆ ಅವಳ ಕಡೆ ತಿರುಗಿದರು: "ಏಳನೇ ಕ್ಲಾಸು ಬಿಟ್ಟವಳ ಕೈಗೆ ಕೊಟ್ಟು ಕೂತಿದ್ದೀನಲ್ಲ, ನನಗೆ ಹೇಳ್ಬೇಕು." ಅವಳು ನೆಲ ನೋಡಿದಳು. ನೆಲ ನೋಡುತ್ತಿದ್ದವಳಿಗೆ ಒಳಗೊಳಗೇ ಸಂತೋಷವಾಗಿತ್ತು, ಬೈಗುಳ ಇನ್ನೂ ಸ್ವಲ್ಪ ಜೋರಾಗಲಿ ಅನ್ನಿಸಿತ್ತು.

ಅಪ್ಪ ಡಬ್ಬವನ್ನು ಕೈಗೆ ತೆಗೆದುಕೊಂಡ. ಸುತ್ತ ಯಜಮಾನರು, ಪ್ರೆಸ್ಸಿನವನು, ಅಂಟಿನ ಅಕ್ಕ. ಯಂತ್ರ ನಿಂತಿತ್ತು. ಅವನು ಅಳತೆಪಟ್ಟಿ ತೆಗೆಯಲೇ ಇಲ್ಲ. ಅಂಟಿದ ಮೂಲೆಯ ಮೇಲೆ ಉಗುರು ಎಳೆದ, ಒಂದೇ ಸಲ. ಅವನ ಮುಖದಲ್ಲಿ ಏನೂ ಕಾಣಲಿಲ್ಲ, ಆದರೆ ಉಗುರು ನಿಂತ ಜಾಗದಿಂದಲೇ ಅವನಿಗೆ ಗೊತ್ತಾಯಿತು ಎಂದು ಅವಳಿಗೆ ಗೊತ್ತಾಯಿತು. ಹೇಳಬೇಡ ಅಪ್ಪ. ಹೊತ್ತು ತಗೋ. ಮನೆಗೆ ತಗೊಂಡು ಹೋಗಿ ನೋಡ್ತೀನಿ ಅನ್ನು, ನಾಳೆ ಬರ್ತೀನಿ ಅನ್ನು, ಇದು ಯಂತ್ರಕ್ಕೆ ತಿಳಿಯೋದಲ್ಲ, ರಟ್ಟು ಬಂದಾಗೆಲ್ಲ ನಾನು ಮುಟ್ಟಿ ನೋಡ್ಬೇಕು ಅನ್ನು.

"ಏನು ಮೇಸ್ತ್ರಿ?" ಎಂದರು ಯಜಮಾನರು.

"ಮರಿ, ಆ ಸಾಲೆಲ್ಲ ಓದು" ಎಂದ ಅಪ್ಪ.

"ನೀವೇ ನೋಡಿ, ಪರದೆ ಮೇಲೆ ಇದೆಯಲ್ಲ" ಎಂದರು ಯಜಮಾನರು.

"ಆ ಬೆಳಕು ನನ್ನ ಕಣ್ಣಿಗೆ ಚುಚ್ಚುತ್ತೆ ಯಜಮಾನ್ರೆ. ಅವಳು ಓದ್ಲಿ, ನಾನು ಕೇಳ್ತೀನಿ."

"ಅವಳಾ? ಪಿಸುಮಾತು? ಓದಿದ್ರೆ ನಿಮಗೆ ಕೇಳ್ಸುತ್ತಾ?" ಎಂದ ಪ್ರೆಸ್ಸಿನವನು. ಕಾರ್ಖಾನೆಯಲ್ಲಿ ಅವಳಿಗೆ ಅವನಿಟ್ಟ ಹೆಸರು ಅದು.

"ನನಗೆ ಕೇಳ್ಸುತ್ತೆ."

ಅಪ್ಪ ಕಣ್ಣು ಮುಚ್ಚಿ ನಿಂತ, ಡಬ್ಬವನ್ನು ಎದೆಗೆ ಒತ್ತಿಕೊಂಡು. ಅವಳು ಓದತೊಡಗಿದಳು. ಒಂದು, ಉದ್ದ. ಎರಡು, ಅಗಲ. ಮೂರು, ಎತ್ತರ. ನಾಲ್ಕು, ರಟ್ಟಿನ ದಪ್ಪ. ಐದು, ಅಗಲದ ಅರ್ಧ. ಆರು, ಐದನೇದು ಮತ್ತು ಉದ್ದದ ಅರ್ಧ, ಎರಡರಲ್ಲಿ ಚಿಕ್ಕದು. ಅಪ್ಪನ ತಲೆ ಆಡಿತು, ಸಂಜೆಗಳಲ್ಲಿ ಆಡುತ್ತಿದ್ದ ಹಾಗೇ, ಪ್ರತಿ ಸಾಲಿನ ಕೊನೆಗೆ ಒಂದು ಸಣ್ಣ ಹೂಂ. ತನ್ನದೇ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳುವ ಸುಖ ಅವನ ಹುಬ್ಬಿನ ನಡುವೆ ಹರಡಿತು, ಎರಡು ತಿಂಗಳ ಮುಖ ಸಡಿಲವಾಯಿತು. ಹತ್ತು. ಹನ್ನೊಂದು. ಅವಳಿಗೆ ಆಗ ಹೊಳೆಯಿತು, ಇವನಿಗೆ ಇದು ಬಾಯಿಪಾಠವಾಗಿದೆ. ಎಷ್ಟು ಸಂಜೆ ಓದಿ ಹೇಳಿದ್ದಳು, ಮೂವತ್ತು? ನಲವತ್ತು? ಅಳಿಸುವಾಗ ಫೈಲಿನಲ್ಲಿ ಒಂದು ಗುರುತೂ ಉಳಿಯದಂತೆ ನೋಡಿಕೊಂಡಿದ್ದಳು. ಇನ್ನೊಂದು ಪ್ರತಿ ಅಪ್ಪನ ತಲೆಯೊಳಗೆ ಇದೆ ಎಂದು ನೆನಪಾಗಿರಲಿಲ್ಲ. ಹದಿನಾಲ್ಕು. ಹದಿನೈದು. ಹದಿನಾರು, ಮೂರನೇ ಗೋಡೆ ಮೊದಲನೇ ಗೋಡೆಯಷ್ಟೇ. ಹೂಂ. ಈಗ ಇಲ್ಲದ ಸಾಲನ್ನು ತಾನೇ ಸೇರಿಸಿ ಓದಿಬಿಡಬಹುದು ಅನ್ನಿಸಿತು, ಯಾರು ನೋಡುತ್ತಾರೆ? ಆದರೆ ಯಜಮಾನರು ಅವಳ ಭುಜದ ಮೇಲಿಂದ ಪರದೆಗೆ ಬಾಗಿದ್ದರು. ಓದಿದಳು: "ಹದಿನೇಳು, ಮುಚ್ಚಳದ ನಾಲಿಗೆ, ಅಗಲದ ನಾಲ್ಕನೇ ಒಂದು ಭಾಗ."

ಹೂಂ ಬರಲಿಲ್ಲ.

ಅಪ್ಪ ಕಣ್ಣು ತೆರೆದ. ಅವಳನ್ನು ನೋಡಲಿಲ್ಲ, ಪರದೆಯನ್ನೂ ನೋಡಲಿಲ್ಲ, ಎದುರು ಗೋಡೆಯ ಮೇಲೆ ಎಲ್ಲೋ ನೋಡಿದ. ತಪ್ಪಿ ಬಿಟ್ಟುಹೋಗಿದ್ದರೆ ಕೆಳಗಿನ ಸಂಖ್ಯೆಗಳು ಕೆಟ್ಟು ಡಬ್ಬ ಡಬ್ಬವಾಗಿಯೇ ಇರುತ್ತಿರಲಿಲ್ಲ; ಅದೂ ಅವನಿಗೆ ಗೊತ್ತು, ಅವಳೇ ಒಂದು ಸಂಜೆ ವಿವರಿಸಿದ್ದಳು, ಒಬ್ಬರು ಎದ್ದು ಹೋದರೆ ಹಿಂದಿನವರೆಲ್ಲ ಹೇಗೆ ಬೇರೆಯವರಾಗಿಬಿಡುತ್ತಾರೆ ಎಂದು. ಅಪ್ಪ ಆಗ ಬಿದ್ದು ಬಿದ್ದು ನಕ್ಕಿದ್ದ. ಕುಳಿತು, ಒಂದೊಂದಾಗಿ, ಗೊತ್ತಿದ್ದೇ ತಿದ್ದಿದ ಕೈ ಯಾವುದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನ ಮುಖದ ಸಡಿಲ ಹಾಗೇ ಇತ್ತು, ಅದರೊಳಗಿನ ಸುಖ ಮಾತ್ರ ಎದ್ದು ಹೋಯಿತು. ಬೈದುಬಿಡು ಅಪ್ಪ. ಎಲ್ಲರೆದುರು ಹೇಳಿಬಿಡು.

"ನನ್ನದೇ ತಪ್ಪು ಯಜಮಾನ್ರೆ" ಎಂದ ಅಪ್ಪ.

"ಏನದು?"

"ನಾಲ್ಕನೇ ಗೋಡೆ. ಅದರಿಂದ ಒಂದು ದಪ್ಪ ಕಳೀಬೇಕು. ಈ ಹುಡುಗಿಗೆ ಹೇಳುವಾಗ ನಾನು ಅದನ್ನ ಹೇಳೋಕೇ ಮರ್ತಿದೀನಿ. ನಾನು ಹೇಳಿದ್ದನ್ನ ಅವಳು ಬರ್ದಿದಾಳೆ, ಅವಳ್ದೇನಿದೆ."

ಪ್ರೆಸ್ಸಿನವನು ಮೆಲ್ಲಗೆ, "ನಾಲ್ಕನೇ ಗೋಡೆ ಕಳೆಯೋದು ನನಗೂ ಗೊತ್ತಲ್ಲ ಮೇಸ್ತ್ರಿ, ಅದು ಮೊದಲನೇ ಪಾಠ" ಎಂದ. ಗೇಲಿಯ ದನಿಯಲ್ಲಿ ಅಲ್ಲ. ಕನಿಕರದಲ್ಲಿ. ಯಜಮಾನರು ನಕ್ಕರು, ಎರಡು ಸಾವಿರ ಡಬ್ಬದ ಗಂಟು ಇಷ್ಟು ಸುಲಭವಾಗಿ ಬಿಚ್ಚಿಕೊಂಡ ನೆಮ್ಮದಿಗೆ. "ಆಗುತ್ತೆ ಬಿಡಿ ಮೇಸ್ತ್ರಿ, ವಯಸ್ಸು. ನಾನೂ ಕನ್ನಡಕ ತಲೆ ಮೇಲೆ ಇಟ್ಕೊಂಡು ಮನೆಯೆಲ್ಲ ಹುಡುಕ್ತೀನಿ." ಅಪ್ಪನೂ ನಕ್ಕ. ನಗುತ್ತಲೇ ಅವಳ ಕಡೆ ಬಾಗಿ, "ಬರ್ಕೋ" ಎಂದ. "ಹದಿನೇಳು. ಅಗಲದಿಂದ ಒಂದು ದಪ್ಪ ಕಳೆ. ಕೆಳಗಿನವನ್ನೆಲ್ಲ ಒಂದೊಂದು ಜರುಗಿಸು. ಯಾವುದೂ ಬಿಟ್ಟುಹೋಗ್ಬಾರ್ದು, ನಿಧಾನ."

ಆಗ ಹೇಳಬೇಕಾಗಿತ್ತು. ಬಾಯಿ ತೆರೆದಿತ್ತು ಕೂಡ. ಶಾಲೆಯಲ್ಲಿ ಎದ್ದು ನಿಂತಾಗಿನ ಅದೇ ಗಂಟಲು. ಉತ್ತರ ಅಲ್ಲೇ ಇದೆ, ನಾಲಿಗೆಯ ಬುಡದಲ್ಲಿ ಕೂತಿದೆ, ಎಲ್ಲರೂ ನೋಡುತ್ತಿದ್ದಾರೆ. ಬೆರಳು ಮಾತ್ರ ಓಡಿತು. ಅವಳು ಬರೆದಳು, ಜರುಗಿಸಿದಳು, ದಪ್ಪ ರಟ್ಟು ಹಾಕಿದರು, ಮಾದರಿ ಯಂತ್ರ ಕತ್ತರಿಸಿಕೊಟ್ಟಿತು. ಅಕ್ಕ ಗಾಯದ ಹೆಬ್ಬೆರಳನ್ನು ಎತ್ತಿ ಹಿಡಿದು ಉಳಿದ ಬೆರಳುಗಳಲ್ಲೇ ಅಂಟಿಸಿದಳು. ಮೂಲೆ ಕೂತಿತು, ಮುಚ್ಚಳ ಟಪ್ ಎಂದು ಒಳಗೆ ಹೋಯಿತು. ಅಪ್ಪ ಅದನ್ನು ತೆಗೆದುಕೊಂಡು ಮತ್ತೆ ಉಗುರು ಎಳೆದ. "ಸರಿ ಇದೆ" ಎಂದ. ಅವನಿಗೆ ಸುಳ್ಳು ಹೇಳಲು ಬರುವ ಕಡೆಯೂ ಇತ್ತು, ಬಾರದ ಕಡೆಯೂ ಇತ್ತು. ಡಬ್ಬ ಸರಿ ಇಲ್ಲದಾಗ ಸರಿ ಇದೆ ಎನ್ನಲು, ಸರಿ ಇದ್ದಾಗ ಇಲ್ಲ ಎನ್ನಲು ಅವನಿಂದ ಆಗುತ್ತಿರಲಿಲ್ಲ. ಇದು ಅವಳಿಗೆ ಹನ್ನೆರಡು ದಿನದ ಹಿಂದೆಯೇ ಗೊತ್ತಿರಬೇಕಾಗಿತ್ತು.

ಯಜಮಾನರು ವಾರಕ್ಕೆ ಎರಡು ದಿನದ ಮಾತು ಎತ್ತಲಿಲ್ಲ. ಅಪ್ಪ ಕೇಳಲಿಲ್ಲ. "ಚಹಾ ಕುಡ್ಕೊಂಡು ಹೋಗಿ" ಎಂದರು, "ಇನ್ನೊಂದಿನ" ಎಂದ.

ಅವಳು ಓಡಿ ಗೇಟಿನ ಹೊರಗೆ ಅಪ್ಪನನ್ನು ಹಿಡಿದಳು. ಬೆಳಿಗ್ಗೆ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಿದ್ದವನು ಈಗ ಅವಳಿಗೆ ಎರಡೇ ಹೆಜ್ಜೆಯಲ್ಲಿ ಸಿಕ್ಕ.

"ಅಪ್ಪ, ನಾನು..."

"ಗೊತ್ತು."

"ನಿನ್ನ ಮತ್ತೆ ಕರೀಲಿ ಅಂತ."

"ಅದೂ ಗೊತ್ತು ಮಾರಾಯ್ತಿ." ಅವನು ಅವಳ ಮುಖ ನೋಡಿದ, ಬೆಳಗಿನಿಂದ ಮೊದಲ ಸಲ. "ಆ ಹೆಂಗಸಿನ ಕೈ ನೋಡ್ದ್ಯಾ? ನಾನಿದ್ದ ಇಷ್ಟು ವರ್ಷದಲ್ಲಿ ನನ್ನ ಡಬ್ಬಕ್ಕೆ ಯಾರೂ ಚಾಕು ಹಿಡಿದಿರಲಿಲ್ಲ."

ಅವಳು ಅತ್ತಳು. ಅಪ್ಪ ಕೈ ಎತ್ತಿದ, ತಲೆ ಸವರುವುದಕ್ಕೋ ಏನೋ, ಅರ್ಧಕ್ಕೇ ತನ್ನ ಜೇಬಿನ ಅಳತೆಪಟ್ಟಿಯನ್ನು ಸರಿಮಾಡಿಕೊಂಡ. "ಹೋಗು, ಕೆಲಸ ನಿಂತಿದೆ" ಎಂದು ಹೊರಟ. ಮನೆಯ ಕಡೆ ಅಲ್ಲ. ಬೀಗದವನ ಅಂಗಡಿ ಇರುವ ಬೀದಿಯನ್ನು ಬಿಟ್ಟು ಸುತ್ತಿನ ದಾರಿ ಹಿಡಿದ.

ಒಳಗೆ ಬಂದಾಗ ಅವಳ ಗಂಟಲಿನ ಗಂಟು ಅಳುವಿನಲ್ಲಿ ಕರಗಿಹೋಗಿತ್ತು. ಯಜಮಾನರು ಪ್ರೆಸ್ಸಿನವನ ಜೊತೆ ಹೊಸ ಡೈ ಯಾವಾಗ ಬರುತ್ತದೆ ಎಂದು ಮಾತಾಡುತ್ತ ನಿಂತಿದ್ದರು. ಅವಳು ನೇರ ಅವರ ಮುಂದೆ ಹೋಗಿ ನಿಂತಳು.

"ಅಪ್ಪ ಮರ್ತಿರಲಿಲ್ಲ" ಎಂದಳು. ಕಾರ್ಖಾನೆಯಲ್ಲಿ ಎಂದೂ ಕೇಳಿರದ ಆ ದನಿಗೆ ಪ್ರೆಸ್ಸಿನವನು ಕತ್ತು ತಿರುಗಿಸಿದ. "ಮೊದಲೇ ಹೇಳಿದ್ರು. ನಾನು ಬರ್ದಿದ್ದೆ. ಆಮೇಲೆ ನಾನೇ ಅಳಿಸಿದೆ, ಬೇಕೂಂತಲೇ. ಅವರನ್ನ ನೀವು ಮತ್ತೆ ಕರೀಬೇಕು ಅಂತ. ತಪ್ಪು ನಂದು. ಅಪ್ಪ ಏನೂ ಮರ್ತಿಲ್ಲ."

ಯಜಮಾನರು ಅವಳ ಕೆಂಪು ಕಣ್ಣು ನೋಡಿದರು, ಒದ್ದೆ ಕೆನ್ನೆ ನೋಡಿದರು. ಅವರ ಮುಖ ಮೆತ್ತಗಾಯಿತು. ಅವಳ ವಿಷಯದಲ್ಲಿ ಅದು ಹಿಂದೆ ಎಂದೂ ಹಾಗೆ ಮೆತ್ತಗಾಗಿರಲಿಲ್ಲ.

"ಇರ್ಲಿ ಬಿಡಮ್ಮ" ಎಂದರು. "ಹೆತ್ತ ತಂದೆ, ಎಲ್ಲರೆದುರು ತಲೆ ತಗ್ಗಿಸಿದ್ದು ನೋಡೋಕಾಗೋದಿಲ್ಲ. ನನಗೆ ಅರ್ಥ ಆಗುತ್ತೆ."

"ಇಲ್ಲ, ನಿಜವಾಗ್ಲೂ ನಾನೇ..."

"ಅಳಿಸಿದ್ರೆ ಕೆಳಗಿನದೆಲ್ಲ ಕೆಡುತ್ತೆ ಅಂತ ನೀನೇ ಹೇಳಿದ್ಯಲ್ಲ ನನಗೆ. ಕೆಟ್ಟಿರಲಿಲ್ಲವಲ್ಲ?" ನಕ್ಕು, ಪ್ರೆಸ್ಸಿನವನ ಕಡೆ ತಿರುಗಿದರು. "ನೋಡಯ್ಯ, ಮಗಳು ಅಂದ್ರೆ ಹೀಗಿರ್ಬೇಕು. ನನ್ನ ಮನೇಲೂ ಇವೆ ಎರಡು."

ಪ್ರೆಸ್ಸಿನವನು ಹೌದೌದು ಎಂದು ತಲೆಯಾಡಿಸಿ, ಇನ್ನು ಮುಂದೆ ಪಿಸುಮಾತು ಎಂದು ಕರೆಯುವುದಿಲ್ಲ ಎಂಬಂಥ ಮುಖ ಮಾಡಿಕೊಂಡು, ಯಂತ್ರ ಚಾಲೂ ಮಾಡಲು ಹೋದ. ಅವಳು ಮತ್ತೆ ಏನೋ ಹೇಳಿದಳು, ಇನ್ನೂ ಜೋರಾಗಿ. ಯಂತ್ರದ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಂಟಿನ ಅಕ್ಕ ಹತ್ತಿರ ಬಂದು, ಕಟ್ಟು ಕಟ್ಟಿದ ಕೈಯನ್ನು ಅವಳ ತಲೆಯ ಮೇಲಿಟ್ಟಳು. ಬಟ್ಟೆಯ ಒರಟು, ಅಂಟಿನ ಹುಳಿ ವಾಸನೆ. "ಒಳ್ಳೆ ಕೂಸು ನೀನು" ಎಂದಳು ಅಕ್ಕ ಕಿವಿಯ ಹತ್ತಿರ, "ಅಪ್ಪನಿಗೆ ವಯಸ್ಸಾಯ್ತು ಕಣಮ್ಮ, ಮರ್ತುಹೋಗುತ್ತೆ, ಇನ್ನು ನೀನೇ ನೋಡ್ಕೊಬೇಕು." ಅವಳು ಆ ಕೈಯನ್ನು ತಲೆಯಿಂದ ತೆಗೆಯಲಾರದೆ, ಅದರ ಕೆಳಗೆ ಅಲುಗದೆ ನಿಂತಳು.